ಪ್ಯಾಡಿನ ಹಿಂದಿನ ತಗಡು

ಸಿಂಧನೂರಿನಿಂದ ಮಸ್ಕಿ ಕಡೆಗೆ ಹೊರಟರೆ ಊರು ಮುಗಿಯುವಲ್ಲಿ ಒಂದು ಉಪಕಾಲುವೆ ಅಡ್ಡ ಬರುತ್ತಿತ್ತು. ಅದರ ಸೇತುವೆ ಹತ್ತುವ ಮೊದಲು ರಸ್ತೆಗೆ ಒಂದು ಉಬ್ಬು ಹಾಕಿದ್ದರು. ಆ ಉಬ್ಬಿನ ಎದುರಿಗೇ ಅಮರಗುಂಡಪ್ಪನ ಗ್ಯಾರೇಜು. ಲಾರಿಯಾಗಲಿ, ಜೀಪಾಗಲಿ, ಭತ್ತ ತುಂಬಿದ ಟ್ರ್ಯಾಕ್ಟರಾಗಲಿ ಅಲ್ಲಿ ಬ್ರೇಕು ತುಳಿಯಲೇಬೇಕು. ತುಳಿದಾಗ ಬರುವ ಸಪ್ಪಳವನ್ನು ಅಮರಗುಂಡಪ್ಪ ರಸ್ತೆಗೆ ಬೆನ್ನು ಮಾಡಿ ಕೂತೇ ಅಳೆಯುತ್ತಿದ್ದ. ಎಡಗಡೆ ಹಿಂದಿನ ಗಾಲಿ, ಲೈನರು ಸವೆದು ರಿವೀಟು ತಾಗುತ್ತಿದೆ ಎಂದು ಅವನು ತಲೆ ಎತ್ತದೆ ಹೇಳಿದರೆ, ಬಿಚ್ಚಿ ನೋಡಿದಾಗ ಹಾಗೇ ಇರುತ್ತಿತ್ತು. ಹೀಗೆ ಹನ್ನೆರಡು ವರ್ಷ ಅವನ ಕಿವಿಯ ಮೇಲೆ ಆ ಕಡೆಯ ಡ್ರೈವರುಗಳೆಲ್ಲ ನಂಬಿಕೆ ಇಟ್ಟಿದ್ದರು.

ತೊಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಅವನಿಗೆ ಹೊಸ ಬಾಧೆಯೊಂದು ಹತ್ತಿತು. ಕೆಲವು ಕಾರುಗಳು ಆ ಉಬ್ಬಿನ ಮುಂದೆ ಸಪ್ಪಳವೇ ಇಲ್ಲದೆ ನಿಧಾನವಾಗಿ, ಸೇತುವೆ ಹತ್ತಿ ಹೋಗತೊಡಗಿದವು. ಮೊದಲು ಅವೇ ಕಾರುಗಳು ಅಲ್ಲಿ ಬ್ರೇಕು ತುಳಿದರೆ ಸೀಳು ದನಿಯಲ್ಲಿ ಕಿರುಚುತ್ತಿದ್ದವು. ಕಿರುಚುತ್ತ ಮಸ್ಕಿ ಕಡೆಗೆ ಹೋಗುತ್ತಿದ್ದವು, ಸುಮ್ಮನಾಗಿ ತಿರುಗಿ ಬರುತ್ತಿದ್ದವು. ಬೇರೆಯವರಿಗೆ ಸಪ್ಪಳ ನೋವು ಕೊಡುತ್ತದೆ. ಅಮರಗುಂಡಪ್ಪನಿಗೆ ಆ ಸುಮ್ಮನಿರುವಿಕೆ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತೆ ಆಗುತ್ತಿತ್ತು. ಯಾಕೆಂದರೆ ಮಸ್ಕಿಯಲ್ಲಿ ಬಾಲಪ್ಪ ಇದ್ದ.

ಅಮರಗುಂಡಪ್ಪನೂ ಬಾಲಪ್ಪನೂ ಒಬ್ಬರೇ ಉಸ್ತಾದರ ಕೈಯಲ್ಲಿ ಕೆಲಸ ಕಲಿತವರು. ಲಿಂಗಸುಗೂರಿನ ಹಾಜಿಸಾಬರು ಎಂದರೆ ನಿಜಾಮನ ಕಾಲದ ಬಸ್ಸುಗಳಿಂದ ಹಿಡಿದು ಬ್ರೇಕು ಕಟ್ಟಿದ ಮನುಷ್ಯ. ಅಮರಗುಂಡಪ್ಪ ಅವರ ಹತ್ತಿರ ಹನ್ನೊಂದು ವರ್ಷ ಇದ್ದ. ಅವರ ಮೊದಲ ಶಾಗಿರ್ದ, ಶಿಷ್ಯ, ಅವನೇ. ಬಾಲಪ್ಪ ಪಾಮನಕಲ್ಲೂರಿನ ಕುರಿ ಕಾಯುವ ಮನೆಯವನು, ಕೊನೆಗೆ ಬಂದವನು, ಎರಡು ವರ್ಷವೂ ತುಂಬಲಿಲ್ಲ. ತುಂಬದಿದ್ದುದಕ್ಕೆ ಕಾರಣವಿತ್ತು. ಒಂದು ಲಾರಿಯ ಬ್ರೇಕಿನ ಲೈನರು ಸವೆದಿತ್ತು. ಹೊಸದು ಹಾಕುವ ಬದಲು ಬಾಲಪ್ಪ ಅದರ ಹಿಂದೆ ಒಂದು ತಗಡು ತುಂಡು ಇಟ್ಟು, ದಪ್ಪ ಮಾಡಿ, ಮುಚ್ಚಿಬಿಟ್ಟಿದ್ದ. ಹಾಗೆ ಮಾಡಿದರೆ ಆ ಹೊತ್ತಿಗೆ ಬ್ರೇಕು ಹಿಡಿಯುತ್ತದೆ, ಘಾಟಿನಲ್ಲಿ ಕೈ ಕೊಡುತ್ತದೆ. ಅದನ್ನು ಬಿಚ್ಚಿ ಉಸ್ತಾದರ ಮುಂದೆ ಇಟ್ಟವನು ಅಮರಗುಂಡಪ್ಪ. ಹಾಜಿಸಾಬರು ಬಾಲಪ್ಪನ ಕೆನ್ನೆಗೆ ಒಂದು ಕೊಟ್ಟು, ತಗಡು ಇಡುವವನಿಗೆ ತಮ್ಮ ಅಂಗಳದಲ್ಲಿ ಜಾಗ ಇಲ್ಲ ಎಂದು ಕಳಿಸಿಬಿಟ್ಟರು. ಆ ಮಾತನ್ನು ಅಮರಗುಂಡಪ್ಪ ಆಮೇಲೆ ಹದಿನಾಲ್ಕು ವರ್ಷ ಮಂತ್ರದಂತೆ ಇಟ್ಟುಕೊಂಡ. ಅವನ ಗ್ಯಾರೇಜಿನಲ್ಲಿ ಬ್ರೇಕಿನ ಒಳಗೆ ತಗಡು ಎಂಬುದು ಬಯ್ಗುಳದ ಮಾತಾಗಿತ್ತು.

ಬಾಲಪ್ಪ ಹೈದರಾಬಾದಿಗೆ ಹೋದ, ಅಲ್ಲಿ ಯಾವುದೋ ದೊಡ್ಡ ವರ್ಕ್‌ಶಾಪಿನಲ್ಲಿ ಮಾರುತಿ ಕಾರುಗಳ ಕೆಲಸ ಕಲಿತ, ತೊಂಬತ್ತರಲ್ಲಿ ತಿರುಗಿ ಬಂದು ಮಸ್ಕಿಯ ರಸ್ತೆ ಮೇಲೆ ಎರಡು ಬಿದಿರ ತಟ್ಟಿ ಕಟ್ಟಿ ಗ್ಯಾರೇಜು ಹಾಕಿ ಕೂತ. ಬಿಳಿ ಅಂಗಿ ಹಾಕಿಕೊಂಡೇ ಕೆಲಸ ಮಾಡುತ್ತಾನೆ, ಅದಕ್ಕೆ ಕಲೆ ಆಗುವುದಿಲ್ಲ ಎಂದು ಜನ ಹೇಳಿಕೊಳ್ಳುತ್ತಿದ್ದರು. ಅದೂ ಅಮರಗುಂಡಪ್ಪನ ಹೊಟ್ಟೆಗೆ ಹೋಗಿ ಕೂತಿತು.

ಈ ಹೊಸ ಕಾರುಗಳ ಮುಂದಿನ ಗಾಲಿಯ ಬ್ರೇಕೇ ಬೇರೆ. ಡ್ರಮ್ಮು ಇಲ್ಲ, ಅದರೊಳಗೆ ಅಗಲವಾಗಿ ಒತ್ತುವ ಶೂ ಇಲ್ಲ. ಗಾಲಿಯ ಜೊತೆ ತಿರುಗುವ ಒಂದು ಕಬ್ಬಿಣದ ತಟ್ಟೆ. ಅದನ್ನು ಎರಡೂ ಕಡೆಯಿಂದ ಹಿಡಿಯುವ ಎರಡು ಪ್ಯಾಡು. ಚಿಮಟಿಗೆಯಲ್ಲಿ ರೊಟ್ಟಿ ಹಿಡಿದ ಹಾಗೆ. ಅಮರಗುಂಡಪ್ಪ ಮೊಟ್ಟಮೊದಲು ಅದನ್ನು ಬಿಚ್ಚಿದ್ದು ಎಂಬತ್ತೆಂಟರಲ್ಲಿ, ಹೈದರಾಬಾದಿನಿಂದ ಯಾರೋ ತಂದಿದ್ದ ಹಳೆಯ ಕಾರಿನಲ್ಲಿ. ಬಿಚ್ಚಿ ನೋಡಿದರೆ ಪ್ಯಾಡಿನ ಬೆನ್ನಿಗೆ ತೆಳ್ಳಗಿನ ತಗಡು. ಪಟ್ಟಣದ ಮೇಸ್ತ್ರಿಗಳೂ ಕಳ್ಳರೇ ಎಂದುಕೊಂಡು ಅವನು ಅದನ್ನು ಕಿತ್ತು ಮೂಲೆಗೆ ಎಸೆದ. ಮುಂದೆ ಹೊಸ ಕಾರುಗಳಲ್ಲೂ ಅದೇ ಕಂಡಿತು. ಆಗ ಅವನು ಬೇರೆ ಲೆಕ್ಕ ಹಾಕಿದ: ಹೊಸ ಸೀಟಿಗೆ ಪ್ಲಾಸ್ಟಿಕ್ಕು ಹಾಕಿ ಕಳಿಸುವಂತೆ, ರೈಲಿನಲ್ಲಿ ಬರುವಾಗ ಪ್ಯಾಡು ಅಲುಗಾಡದಿರಲೆಂದು ಇಟ್ಟ ಪ್ಯಾಕಿಂಗು ಇದು, ತೆಗೆಯುವವರು ಮರೆತಿದ್ದಾರೆ. ಗಿರಾಕಿಗೆ ಹೇಳಿ, ತೋರಿಸಿ, ನಿಯತ್ತಿನಿಂದ ಕಿತ್ತು ಹಾಕಿದ. ಬ್ರೇಕಿನಲ್ಲಿ ತಗಡು ಬಿಡದ ಮೇಸ್ತ್ರಿ ಎಂದು ಅವನನ್ನು ಹೊಗಳಿದವರೂ ಇದ್ದರು.

ಕಾರುಗಳು ಸ್ವಲ್ಪ ದಿನಕ್ಕೆ ಕಿರುಚತೊಡಗಿದವು. ಅಮರಗುಂಡಪ್ಪ ಪ್ಯಾಡು ಬಿಚ್ಚಿ, ಡ್ರಮ್ಮಿನ ಶೂಗೆ ಮಾಡುತ್ತಿದ್ದಂತೆ ಪಾಲೀಶ್ ಪೇಪರಿನಲ್ಲಿ ಮುಖ ಉಜ್ಜಿ, ಅರದಿಂದ ಅಂಚು ಇಳಿಸಿ ಹಾಕುತ್ತಿದ್ದ. ಎಂಟು ದಿನ ಸುಮ್ಮನಿರುತ್ತಿದ್ದವು. ಒಂಬತ್ತನೇ ದಿನ ಅದೇ ಕಿರುಚಾಟ. ಗದ್ದೆ ಸೀಮೆಯ ಕೆಸರು, ಧೂಳು, ಕಾರಣ ಅದೇ ಎಂದು ಅವನು ಹೇಳಿದ, ಜನ ನಂಬಿದರು. ಗಾಡಿಗಳು ಬಾಲಪ್ಪನ ಹತ್ತಿರ ಹೋಗುವವರೆಗೂ ನಂಬಿದರು.

ತುರ್ವಿಹಾಳದ ಮುದುಕಪ್ಪ ಎಂಬ ಭತ್ತದ ಸಾಹುಕಾರನ ಬಿಳಿ ಕಾರಿನದು ಎಲ್ಲಕ್ಕಿಂತ ದೊಡ್ಡ ಗಂಟಲು. ಅದು ಒಮ್ಮೆ ಮಸ್ಕಿಗೆ ಹೋಗಿ ಬಂತು. ಮುದುಕಪ್ಪ ಬೇಕೆಂತಲೇ ಅಮರಗುಂಡಪ್ಪನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನ್ ಮೇಸ್ತ್ರಿ, ನಾ ಬಂದದ್ದು ಗೊತ್ತಾತೇನು? ಮೊದಲ ನನ್ನ ಗಾಡಿ ಎಮ್ಮಿ ಕರಾ ಒದರಿದಂಗ ಒದರತಿತ್ತು. ಈಗ ನೋಡು, ಹೊಸಾ ಸೊಸಿ ಹಂಗ ಬರತೈತಿ."

ಅಲ್ಲಿದ್ದವರು ನಕ್ಕರು. ಅಮರಗುಂಡಪ್ಪನೂ ಹಲ್ಲು ತೋರಿಸಿದ. ಅಷ್ಟಕ್ಕೇ ಬಿಡಲಿಲ್ಲ ಮುದುಕಪ್ಪ. ಬ್ರೇಕು ತುಳಿದರೆ ಪೆಡಲು ಕಾಲಿನಡಿ ನಡುಗುತ್ತಿದ್ದುದೂ ನಿಂತಿದೆಯೆಂದ. ಓಡಿ ಬಂದ ಗಾಡಿಯನ್ನು ಬಿಸಿ ಇರುವಾಗಲೇ ಕಾಲುವೆಯ ನೀರಿಗೆ ಇಳಿಸಿ ತೊಳೆಯಬಾರದಂತೆ, ಕಾದ ತಟ್ಟೆ ಸೊಟ್ಟಗಾಗಿ ನಡುಗುತ್ತದಂತೆ, ಬಾಲಪ್ಪ ಹೇಳಿದ ಎಂದು ವರ್ಣಿಸಿದ. ಅಮರಗುಂಡಪ್ಪನಿಗೆ ಮೈ ಉರಿದುಹೋಯಿತು. ಆ ಮಾತನ್ನು ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಇದೇ ಮುದುಕಪ್ಪನಿಗೆ ಹೇಳಿದವನು ತಾನೇ. ಆಗ ಅವನು ಕೇಳಿರಲಿಲ್ಲ. ಅದೇ ಮಾತು ಮಸ್ಕಿಯಿಂದ ಬಂದರೆ ವೇದವಾಯಿತು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಅವನ ಹೆಂಡತಿ ಬಸವಣ್ಣೆಮ್ಮ ಪಾಮನಕಲ್ಲೂರಿನವಳು. ತವರೂರಿನ ಹುಡುಗ ಹೆಸರು ಮಾಡಿದನೆಂದು ಅವಳಿಗೆ ಒಳಗೊಳಗೇ ಹಿಗ್ಗು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ, ತವರಿಗೆ ಹೋಗಿದ್ದಾಗ ಬಾಲಪ್ಪ ಸಿಕ್ಕಿದ್ದನೆಂದೂ, ತನ್ನನ್ನು ಅಕ್ಕಾ ಎಂದು ಮಾತಾಡಿಸಿ ಭಾವನವರು ಹೇಗಿದ್ದಾರೆ ಎಂದು ಕೇಳಿದನೆಂದೂ ಹೇಳಿದಳು. ಅಮರಗುಂಡಪ್ಪ ತುತ್ತು ಕೈಯಲ್ಲೇ ಹಿಡಿದು, ಅವನ ಅಂಗಿ ಬೆಳ್ಳಗಿತ್ತೇನು ಎಂದ. ಅವಳಿಗೆ ತಿಳಿಯಲಿಲ್ಲ. ಬೆಳ್ಳಗೇ ಇತ್ತು ಎಂದಳು. ಅವನು ಎದ್ದು ಕೈ ತೊಳೆದುಕೊಂಡ.

ಹೊಟ್ಟೆಕಿಚ್ಚು ಮನುಷ್ಯನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಅಮರಗುಂಡಪ್ಪನನ್ನು ಅದು ಮಸ್ಕಿಗೆ ಕರೆದುಕೊಂಡು ಹೋಯಿತು. ಲಿಂಗಸುಗೂರಿಗೆ ಸಾಮಾನು ತರಲು ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿದವನು ಮಸ್ಕಿಯಲ್ಲಿ ಇಳಿದು, ಬಾಲಪ್ಪನ ತಟ್ಟಿಯ ಎದುರಿಗಿನ ಚಹಾದ ಅಂಗಡಿಯ ಒಳಬೆಂಚಿನ ಮೇಲೆ ಕೂತ. ಮೂರು ಚಹಾ ಕುಡಿದ. ಎದುರಿಗೆ ಬಾಲಪ್ಪ ಒಂದು ಕಾರಿನ ಮುಂದಿನ ಗಾಲಿ ಬಿಚ್ಚಿಕೊಂಡು, ಮಣೆಯ ಮೇಲೆ ಕೂತಿದ್ದ. ಸುತ್ತಿಗೆ ಎತ್ತಲಿಲ್ಲ. ಸಣ್ಣ ಬ್ರಷ್ಷಿನಿಂದ ಬ್ರೇಕು ಜಾರುವ ಪಿನ್ನುಗಳ ಮೇಲಿನ ಒಣ ಕೆಸರು ತೆಗೆಯುತ್ತಿದ್ದ, ಊದುತ್ತಿದ್ದ, ಮತ್ತೆ ತೆಗೆಯುತ್ತಿದ್ದ. ಹಸುಗೂಸಿನ ಕಿವಿ ತೊಳೆಯುವ ಹಾಗೆ. ಬೆರಳ ತುದಿಯಲ್ಲಿ ಅಷ್ಟೇ ಅಷ್ಟು ಗ್ರೀಸು ತೆಗೆದುಕೊಂಡು ಎಲ್ಲೋ ಹಚ್ಚಿದ. ಎಲ್ಲಿ ಹಚ್ಚಿದನೆಂದು ಇಲ್ಲಿಂದ ಕಾಣಲಿಲ್ಲ. ಬ್ರೇಕಿಗೆ ಗ್ರೀಸು ಹಚ್ಚುತ್ತಾನಲ್ಲ ಎಂದು ಅಮರಗುಂಡಪ್ಪನಿಗೆ ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಆ ಕಾರು ಅವನ ಮುಂದೆಯೇ ಓಡಿತು, ನಿಂತಿತು, ಸಪ್ಪಳ ಮಾಡಲಿಲ್ಲ. ನಾಲ್ಕನೇ ಚಹಾ ಅವನಿಗೆ ಇಳಿಯಲಿಲ್ಲ.

ಇಷ್ಟೆಲ್ಲ ಆದರೂ ಅವನಿಗೆ ಒಂದು ಆಸರೆ ಇತ್ತು. ಹಾಜಿಸಾಬರ ಗಾಡಿ ಇನ್ನೂ ಅವನ ಕೈಯಲ್ಲೇ ಇತ್ತು. ಉಸ್ತಾದರಿಗೆ ಈಗ ಎಪ್ಪತ್ತೈದು ದಾಟಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಮಗ ಇಸ್ಮಾಯಿಲ್‌ಸಾಬ್ ಒಂದು ಮಾರುತಿ ವ್ಯಾನು ತಂದು ಲಿಂಗಸುಗೂರು-ಮುದಗಲ್ ನಡುವೆ ಬಾಡಿಗೆಗೆ ಓಡಿಸುತ್ತಿದ್ದ. ಆ ಕಡೆಯ ಮೇಸ್ತ್ರಿಗಳಲ್ಲಿ ಒಂದು ರಿವಾಜು ಇತ್ತು: ಉಸ್ತಾದರು ಪಾನಾ ಕೆಳಗಿಟ್ಟು ಕೆಲಸ ಬಿಟ್ಟ ಮೇಲೆ ಅವರ ಸ್ವಂತ ಗಾಡಿ ಯಾವ ಶಾಗಿರ್ದನ ಕೈ ಕೆಳಗೆ ಇರುತ್ತದೋ ಅವನೇ ಅವರ ಗಾದಿಯವನು. ಬರೆದು ಕೊಡುವುದೇನಿಲ್ಲ, ಶಾಲು ಹೊದಿಸುವುದಿಲ್ಲ. ಹಾಜಿಸಾಬರ ಗಾಡಿ ಯಾರ ಹತ್ತಿರ ಎಂದು ಕೇಳಿದರೆ, ಸಿಂಧನೂರಿನ ಅಮರಗುಂಡಪ್ಪನ ಹತ್ತಿರ ಎಂದು ಹೇಳಬೇಕು. ಅಷ್ಟೇ. ಆ ಅಷ್ಟಕ್ಕಾಗಿ ಅವನು ಬದುಕಿದ್ದ ಎಂದರೂ ತಪ್ಪಿಲ್ಲ.

ಆ ವ್ಯಾನೂ ಕಿರುಚುತ್ತಿತ್ತು. ಅಮರಗುಂಡಪ್ಪ ಮೂರು ಸಲ ಉಜ್ಜಿ ಕಳಿಸಿದ್ದ. ನಾಲ್ಕನೇ ಸಲ ಬಂದಾಗ ಇಸ್ಮಾಯಿಲ್‌ಸಾಬ್ ನೆಲ ನೋಡುತ್ತ ವಿಷಯ ತಿಳಿಸಿದ. ಮಸೀದಿಯ ಮುಂದೆ ಗಾಡಿ ನಿಲ್ಲಿಸಿದರೆ ಒಳಗಿದ್ದವರು, ಹಾಜಿಸಾಬರು ಬಂದರು ಎಂದು ನಗುತ್ತಾರಂತೆ. ಬ್ರೇಕಿನ ಉಸ್ತಾದನ ಗಾಡಿಯೇ ಹೀಗೆ ಅತ್ತರೆ ಹೇಗೆ ಎನ್ನುತ್ತಾರಂತೆ. ಅಬ್ಬಾಜಾನ್ ಇದೊಂದು ಸಲ ನೋಡು ಎಂದಿದ್ದಾರೆ, ಆಗದಿದ್ದರೆ ಮಸ್ಕಿಗೆ ತೋರಿಸು ಎಂದಿದ್ದಾರೆ ಎಂದ.

ಅಮರಗುಂಡಪ್ಪ ಎರಡು ದಿನ ಆ ವ್ಯಾನನ್ನು ಇಟ್ಟುಕೊಂಡ. ಪ್ಯಾಡು ಉಜ್ಜಿದ, ತಟ್ಟೆ ಉಜ್ಜಿದ, ನಟ್ಟು ಬಿಗಿದ, ಸಡಿಲಿಸಿದ. ಸುಮ್ಮನಾದ ವ್ಯಾನನ್ನು ಕಳಿಸಿ ದಿನ ಎಣಿಸಿದ. ಒಂಬತ್ತನೇ ದಿನ ಮುದಗಲ್ ಬಸ್ಸಿನ ಡ್ರೈವರು ಉಬ್ಬಿನ ಹತ್ತಿರ ನಿಧಾನ ಮಾಡಿ, ನಿಮ್ಮ ಉಸ್ತಾದರ ವ್ಯಾನು ಮತ್ತೆ ಶುರು ಮಾಡಿದೆ ಎಂದು ಹೇಳಿ ಹೋದ.

ಅದರ ಮರುದಿನವೇ ಮುದುಕಪ್ಪನ ಬಿಳಿ ಕಾರು ಗ್ಯಾರೇಜಿನ ಮುಂದೆ ಬಂದು ನಿಂತಿತು. ಎಡಗಡೆ ಮುಂದಿನ ಗಾಲಿ ಪಂಕ್ಚರಾಗಿತ್ತು. ಬೀಗರ ಮನೆಗೆ ಮಸ್ಕಿಗೆ ಹೊರಟಿದ್ದ ಮುದುಕಪ್ಪ, ಗಾಲಿ ಬದಲಿಸುವಷ್ಟರಲ್ಲಿ ಹಣ್ಣು ತರುತ್ತೇನೆಂದು ಬಜಾರಿಗೆ ಹೋದ. ಅಮರಗುಂಡಪ್ಪ ಜಾಕು ಹಚ್ಚಿ ಗಾಲಿ ಕಳಚಿದ. ಎದುರಿಗೆ ಬಾಲಪ್ಪನ ಕೈ ಆಡಿದ ಬ್ರೇಕು. ಸುತ್ತ ಯಾರೂ ಇರಲಿಲ್ಲ. ಎರಡು ಬೋಲ್ಟು ಬಿಚ್ಚಿದರೆ ಒಳಗಿನದು ಕಾಣುತ್ತದೆ. ಅವನು ಬಿಚ್ಚಿದ.

ಎರಡೂ ಪ್ಯಾಡಿನ ಬೆನ್ನಿಗೆ ತಗಡು.

ಅವನ ಎದೆಯೊಳಗೆ ಹಬ್ಬ ಆದಂತಾಯಿತು. ಹದಿನಾಲ್ಕು ವರ್ಷವಾದರೂ ಬುದ್ಧಿ ಬಿಟ್ಟಿಲ್ಲ ಕಳ್ಳ. ಅದೇ ತಗಡು, ಅದೇ ಕೈ. ಅವನು ಎರಡೂ ತಗಡು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಪ್ಯಾಡು ಕೂರಿಸಿ, ಬೇರೆ ಗಾಲಿ ಹಾಕಿ, ನಟ್ಟು ಬಿಗಿದು, ಏನೂ ಆಗದವನಂತೆ ಕೈ ಒರೆಸಿಕೊಂಡ. ಮುದುಕಪ್ಪ ಬಂದು ಗಾಡಿ ಹತ್ತಿ ಹೊರಟ. ಉಬ್ಬಿನ ಮುಂದೆ ಬ್ರೇಕು ತುಳಿದ.

ಎಡಗಡೆಯಿಂದ ಕಾರು ಕಿರುಚಿತು.

ಅಮರಗುಂಡಪ್ಪನ ಕಿವಿ ಅವನಿಗೆ ಎಂದೂ ಸುಳ್ಳು ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. ಕೈಯಲ್ಲಿದ್ದ ಅರಿವೆ ಹಾಗೇ ನಿಂತಿತು. ಅರ್ಧ ತಾಸಿನ ಹಿಂದೆ ಸುಮ್ಮನೆ ಬಂದ ಗಾಡಿ. ನಡುವೆ ತಾನು ತೆಗೆದದ್ದು ಈ ಎರಡು ತಗಡು ಮಾತ್ರ. ಎಂಬತ್ತೆಂಟರಿಂದ ಎಷ್ಟು ಗಾಡಿಯಲ್ಲಿ ಕಿತ್ತಿದ್ದೆ ಎಂದು ಮನಸ್ಸು ತಾನಾಗಿಯೇ ಎಣಿಸತೊಡಗಿತು. ಅವನು ಅದರ ಬಾಯಿ ಮುಚ್ಚಿದ. ಪಿನ್ನು ಸರಿಯಾಗಿ ಕೂತಿರಲಿಕ್ಕಿಲ್ಲ, ಅವಸರದಲ್ಲಿ ಕೂರಿಸಿದೆ, ಅದಕ್ಕೆ ಕಿರುಚಿತು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಿದನೇ ಎಂದರೆ, ನಂಬಲಿಲ್ಲ. ಆದರೆ ಜೇಬಿನಲ್ಲಿ ತಗಡು ಇತ್ತು. ಉಸ್ತಾದರ ವ್ಯಾನು ಮಸ್ಕಿಗೆ ಹೋಗುವುದನ್ನು ತಡೆಯಲು ಈ ಲೋಕದಲ್ಲಿ ಅದೊಂದೇ ಇತ್ತು. ಅವನು ಅಂಗಡಿಯ ಬಾಗಿಲು ಎಳೆದು ಲಿಂಗಸುಗೂರಿನ ಬಸ್ಸು ಹತ್ತಿದ.

ಹಾಜಿಸಾಬರು ಮುದಗಲ್ ರಸ್ತೆಯ ತಮ್ಮ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಮಂಚದ ಮೇಲೆ ಕೂತಿದ್ದರು. ಹೆಜ್ಜೆಯ ಸಪ್ಪಳದ ಮೇಲೆಯೇ ಗುರುತು ಹಿಡಿದು ಬಾ ಗುಂಡಪ್ಪ ಎಂದರು. ಅವನು ಕಾಲು ಮುಟ್ಟಿ, ತಗಡುಗಳನ್ನು ಅವರ ಕೈಯಲ್ಲಿಟ್ಟ.

"ಬಾಲಪ್ಪ ಬ್ರೇಕಿನ್ಯಾಗ ಇಟ್ಟದ್ದು, ಉಸ್ತಾದ. ತುರ್ವಿಹಾಳದ ಸಾಹುಕಾರ್ರ ಗಾಡ್ಯಾಗ. ನಾನ ಕೈಯಾರೆ ಬಿಚ್ಚೀನಿ. ಇಂಥವನ ಕೈಯಾಗ ನಿಮ್ಮ ಗಾಡಿ ಕೊಡತೀರೇನು?"

ಮುದುಕರು ತಗಡನ್ನು ಹೆಬ್ಬೆರಳಲ್ಲಿ ಸವರಿದರು, ತಿರುಗಿಸಿ ಮತ್ತೆ ಸವರಿದರು, ಉಗುರಿನಿಂದ ಕೆರೆದರು. ಮಗನನ್ನು ಕರೆದು ವ್ಯಾನು ತೆಗೆದುಕೊಂಡು ಹೋಗಿ ಮಸ್ಕಿಯಿಂದ ಬಾಲಪ್ಪನನ್ನು ಕರೆದು ತಾ ಎಂದರು. ವ್ಯಾನು ಓಣಿಯ ತಿರುವಿನಲ್ಲಿ ಕಿರುಚಿಕೊಂಡು ಹೋಯಿತು.

ಅವರು ಬರಲು ಒಂದೂವರೆ ತಾಸು ಹಿಡಿಯಿತು. ಅಷ್ಟೂ ಹೊತ್ತು ಅಮರಗುಂಡಪ್ಪ ಮಂಚದ ಕಾಲ ಬಳಿ ಕೂತಿದ್ದ. ಹಾಜಿಸಾಬರು ಹಳೆಯ ಬಸ್ಸುಗಳ ಸುದ್ದಿ ತೆಗೆದರು, ಹಟ್ಟಿಯ ಗಣಿಯ ಲಾರಿಗಳ ಸುದ್ದಿ ತೆಗೆದರು. ನಡುನಡುವೆ ತಗಡನ್ನು ಸವರುತ್ತಲೇ ಇದ್ದರು. ಉಸ್ತಾದ, ಇದನ್ನು ತೆಗೆದ ಮೇಲೆ ಗಾಡಿ ಕಿರುಚಿತು ಎಂದು ಹೇಳಲು ಅವನಿಗೆ ಒಂದೂವರೆ ತಾಸು ಸಮಯವಿತ್ತು. ಅವನು ಹೂಂ ಎನ್ನುತ್ತ ಕೂತ.

ಬಾಲಪ್ಪ ಬಂದ. ಬಿಳಿ ಅಂಗಿಯೇ. ಉಸ್ತಾದರಿಗೆ ಸಲಾಂ ಮಾಡಿ, ಅಮರಗುಂಡಪ್ಪನಿಗೂ ಕೈ ಮುಗಿದು, ಅಂಗಳದಲ್ಲಿ ಮೊಣಕಾಲೂರಿ ಕೂತ. ಹದಿನಾಲ್ಕು ವರ್ಷದ ಮೇಲೆ ಆ ಅಂಗಳಕ್ಕೆ ಕಾಲಿಟ್ಟಿದ್ದ. ಹಾಜಿಸಾಬರು ತಗಡು ಚಾಚಿದರು.

"ಇದು ನಿಂದೇನು?"

"ನಂದ ಉಸ್ತಾದ. ಬೆಳಿಗ್ಗಿ ಮುದುಕಪ್ಪ ಸಾಹುಕಾರ್ರು ಗಾಡಿ ಒದರಾಕತ್ತೈತಿ ಅಂತ ನನ್ನ ಹತ್ತರ ಬಂದಿದ್ರು. ಬಿಚ್ಚಿ ನೋಡಿದೆ, ಎಡಗಡಿ ಎರಡೂ ಇರಲಿಲ್ಲ. ಬ್ಯಾರೆ ಹಾಕಿ ಕಳಿಸೀನಿ."

ಅಮರಗುಂಡಪ್ಪನ ಕಿವಿ ಬಿಸಿಯಾದವು. ಹಾಗಾದರೆ ಇವನಿಗೆ ಗೊತ್ತು. ಯಾರು ಗಾಲಿ ಬದಲಿಸಿದರೆಂದು ಮುದುಕಪ್ಪ ಹೇಳದೆ ಇರುತ್ತಾನೆಯೇ.

"ಸವದ ಪ್ಯಾಡಿಗೆ ದಪ್ಪ ಮಾಡಾಕ ಇಟ್ಟೀ?" ಎಂದರು ಹಾಜಿಸಾಬರು.

ಬಾಲಪ್ಪ ಅಲ್ಲವೆಂದ. ಒಳಗಿನಿಂದ ಒಂದು ಊಟದ ಗಂಗಾಳ, ಒಂದು ಚಮಚ, ಒಂದು ರೊಟ್ಟಿ ತರಿಸಿಕೊಂಡ. ಕಂಚಿನ ಗಂಗಾಳವನ್ನು ಕಲ್ಲ ಮೇಲಿಟ್ಟು ಚಮಚದಿಂದ ಹೊಡೆದ. ಅದು ಠಣ್ ಎಂದು ಅಂಗಳ ತುಂಬ ಗುಂಯ್‌ಗುಟ್ಟಿತು. ಆಮೇಲೆ ಗಂಗಾಳದ ಬುಡಕ್ಕೆ ರೊಟ್ಟಿ ಹಾಸಿ ಹೊಡೆದ. ದಬ್ ಎಂದು ಅಲ್ಲಿಗೇ ಸತ್ತಿತು.

"ಇಷ್ಟ ಉಸ್ತಾದ. ತಟ್ಟಿ ಹಿಡಿಯೋ ಮುಂದ ಪ್ಯಾಡು ಸಣ್ಣಗ ನಡಗತೈತಿ. ಕಣ್ಣಿಗೆ ಕಾಣೂದಿಲ್ಲ. ಆ ನಡುಗು ತಟ್ಟಿಗೆ ಹತ್ತಿ ಗಂಗಾಳ ಬಡದಂಗ ಬಡಕೊಂತೈತಿ. ಈ ತಗಡಿಗೆ ರಬ್ಬರಿನ ತೊಗಲು ಐತಿ, ನೀವು ಉಗುರಿಲೆ ಕೆರದ್ರ ಸಿಗತೈತಿ. ಇದು ಬುಡಕಿನ ರೊಟ್ಟಿ. ನಡುಗು ಕುಡೀತೈತಿ. ಕಂಪನಿಯವ್ರ ಇಟ್ಟು ಕಳಸ್ತಾರ. ಅಣ್ಣಾರ, ರೊಟ್ಟಿ ತಿನಬ್ಯಾಡ್ರಿ ಮತ್ತ, ಅದು ಪಾಠದ್ದು."

ತನ್ನ ಕಡೆ ತಿರುಗಿ ಹೇಳಿದ ಕೊನೆಯ ಮಾತಿಗೆ ಇಸ್ಮಾಯಿಲ್‌ಸಾಬ್ ನಕ್ಕ. ಹಾಜಿಸಾಬರು ನಗಲಿಲ್ಲ. ಉಗುರಲ್ಲಿ ಸಿಕ್ಕಿದ್ದ ಕರಿ ರಬ್ಬರನ್ನು ಬೆರಳ ನಡುವೆ ಹೊಸೆದರು.

"ಹಂಗಾದ್ರ ನನ್ನ ಗಾಡ್ಯಾಗೂ ಇರಬೇಕಲ್ಲ," ಎಂದರು.

ಬಾಲಪ್ಪ ಒಂದು ಸಲ ಅಮರಗುಂಡಪ್ಪನ ಕಡೆ ನೋಡಿದ. ಅದು ಬಹಳ ಹೊತ್ತಿನ ನೋಟವಲ್ಲ. ಆದರೆ ಅದರಲ್ಲಿ ಎಲ್ಲವೂ ಇತ್ತು. ಸಿಂಧನೂರಿನಿಂದ ತನ್ನ ಹತ್ತಿರ ಬಂದ ಒಂದೊಂದು ಗಾಡಿಯಲ್ಲೂ ತಗಡು ಕಾಣದೆ ಇದ್ದದ್ದು, ಯಾರು ತೆಗೆದದ್ದೆಂದು ಮೊದಲನೆಯ ಗಾಡಿಯಲ್ಲೇ ತಿಳಿದದ್ದು, ಅಂದಿನಿಂದ ಯಾವ ಗಿರಾಕಿಗೂ ಬಾಯಿ ಬಿಡದೆ ಹೊಸದು ಹಾಕಿ ಕಳಿಸಿದ್ದು. ಆಮೇಲೆ ಬಾಲಪ್ಪ ಉಸ್ತಾದರ ಕಡೆ ತಿರುಗಿದ.

"ಎಲ್ಲ್ಯರ ದಾರ್ಯಾಗ ಬಿದ್ದಿರಬೇಕು ಉಸ್ತಾದ. ನಮ್ಮ ರೋಡು ಹಂಗದಾವು."

ಅಮರಗುಂಡಪ್ಪ ಎಷ್ಟೋ ಅವಮಾನ ತಿಂದಿದ್ದ ಆ ಬೇಸಿಗೆಯಲ್ಲಿ. ಮುದುಕಪ್ಪನ ಎಮ್ಮೆಕರುವಿನ ಮಾತು, ಹೆಂಡತಿಯ ಹಿಗ್ಗು, ಮಸೀದಿಯವರ ನಗು. ಅವು ಯಾವುವೂ ಇಷ್ಟು ಆಳಕ್ಕೆ ಇಳಿದಿರಲಿಲ್ಲ. ತಾನು ಬಾಲಪ್ಪನನ್ನು ಹಿಡಿದುಕೊಟ್ಟ ಅಂಗಳದಲ್ಲೇ ಬಾಲಪ್ಪ ತನ್ನನ್ನು ಮುಚ್ಚಿ ಕಾಯುತ್ತಿದ್ದ. ಕೆಲಸವೂ ಅವನದೇ, ಹೆಸರೂ ಅವನದೇ, ಈಗ ದೊಡ್ಡತನವೂ ಅವನದೇ ಆಗಬೇಕೇ. ಇಷ್ಟು ದಿನದ ಹೊಟ್ಟೆಕಿಚ್ಚೆಲ್ಲ ಒಂದೇ ಕಡೆ ಕೂಡಿ ಬಂತು. ಬಾಲಪ್ಪನಿಗೆ ಆ ಒಂದನ್ನು ಮಾತ್ರ ಕೊಡಲಾರೆ ಎನಿಸಿತು.

"ದಾರ್ಯಾಗ ಬಿದ್ದಿಲ್ಲ," ಎಂದ ಅಮರಗುಂಡಪ್ಪ. "ನಾ ತಗದೀನಿ ಉಸ್ತಾದ. ನಿಮ್ಮ ಗಾಡ್ಯಾಗಿಂದೂ ನಾನ ತಗದೀನಿ. ಸಿಂಧನೂರಾಗ ಹದಿನೇಳು ಗಾಡಿ. ಪ್ಯಾಕಿಂಗು ಅಂತ ತಿಳಕೊಂಡಿದ್ದೆ. ಮುಂಜಾನಿ ಇವನ್ನ ತಗದ ಕೂಡ್ಲೇ ಗಾಡಿ ಒದರಿದ್ದು ಕೇಳಸ್ತು. ಕೇಳಿನೂ ಇಲ್ಲಿಗೆ ತಂದೆ."

ಮರದ ಮೇಲೆ ಕಾಗೆಯೊಂದು ಬೇವಿನ ಹಣ್ಣು ಉದುರಿಸಿತು. ಹಾಜಿಸಾಬರು ಪೊರೆ ಬಂದ ಕಣ್ಣುಗಳನ್ನು ಅವನ ದನಿ ಬಂದ ಕಡೆಗೆ ತಿರುಗಿಸಿದರು. ಅವರು ಬಯ್ಯಲಿ ಎಂದು ಅಮರಗುಂಡಪ್ಪ ಕಾಯ್ದ. ಬಾಲಪ್ಪನಿಗೆ ಅಂದು ಕೊಟ್ಟಂತೆ ಕೆನ್ನೆಗೆ ಒಂದು ಕೊಟ್ಟಿದ್ದರೂ ಹಗುರಾಗುತ್ತಿತ್ತು.

"ತಗಡು ಇಡಬ್ಯಾಡ ಅಂದಾವ ನಾನ," ಎಂದರು ಕೊನೆಗೆ. "ಲಾರಿಗೆ ಹೇಳಿದ್ದೆ. ನೀ ಎಲ್ಲಾಕ್ಕೂ ಹಿಡಕೊಂಡಿ." ತಗಡನ್ನು ಮಂಚದ ಮೇಲಿಟ್ಟು, "ತಿಳಕೊಂಡಿರಲಿಲ್ಲ ಅನ್ನೂದು ಬ್ಯಾರೆ ಗುಂಡಪ್ಪ. ಕೇಳಿನೂ ತಂದೆ ಅಂದೆಲ್ಲ, ಅದು ಬ್ಯಾರೆ."

ಅವರು ಮಗನ ಕಡೆ ಕೈ ಚಾಚಿ ವ್ಯಾನಿನ ಕೀಲಿ ಇಸಿದುಕೊಂಡರು. ಕೀಲಿ ಅವರ ಅಂಗೈಯಲ್ಲಿ ಸ್ವಲ್ಪ ಹೊತ್ತು ಇತ್ತು. ಅಮರಗುಂಡಪ್ಪ ಅದನ್ನೇ ನೋಡುತ್ತಿದ್ದ. ಆಮೇಲೆ ಅವರು ಬಾಲಪ್ಪ ಎಂದು ಕರೆದು ಅವನಿಗೆ ಕೊಟ್ಟರು. ಇನ್ನು ಮೇಲೆ ಗಾಡಿ ನೀನು ನೋಡು ಎಂದರು. ಅಷ್ಟೇ ಹೇಳಿ ಮರಕ್ಕೆ ಒರಗಿದರು. ನಾಳೆ ರಾಯಚೂರಿನವರೆಗೆ ಈ ಸುದ್ದಿ ಹೋಗುತ್ತದೆ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಬಾಲಪ್ಪ ಕೀಲಿಯನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ವ್ಯಾನನ್ನು ನೆರಳಿಗೆ ತಂದು, ಚೀಲದಿಂದ ಸಾಮಾನು ತೆಗೆದು ಹರಡಿಕೊಂಡು, ಎಡಗಡೆಯ ಮುಂದಿನ ಗಾಲಿ ಬಿಚ್ಚಿದ. ಅಮರಗುಂಡಪ್ಪ ಬಸ್ಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಚಹಾದ ಅಂಗಡಿಯಿಂದ ಕಾಣದೆ ಹೋದದ್ದು ಈಗ ಎರಡು ಮೊಳ ದೂರದಲ್ಲಿ ಕಾಣುತ್ತಿತ್ತು, ಕಣ್ಣು ಕೀಳಲಾಗಲಿಲ್ಲ. ಬಾಲಪ್ಪ ಪಿನ್ನುಗಳನ್ನು ಹೊರತೆಗೆದು, ಬೆರಳಲ್ಲಿ ಜಾರಿಸಿ ನೋಡಿ, ಕೆಸರು ತೆಗೆದ. ಪ್ಯಾಡಿನ ಎರಡೂ ತುದಿಯ ಅಂಚನ್ನು ಅರದಿಂದ ಇಳಿಸಿದ. ಅದು ಉಸ್ತಾದರು ಕಲಿಸಿದ್ದೇ. ತಗಡನ್ನು ಪ್ಯಾಡಿನ ಬೆನ್ನಿಗೆ ಕೂರಿಸಿ, ಲೋಹ ಲೋಹಕ್ಕೆ ತಾಗುವಲ್ಲಿ ಮಾತ್ರ ಸಾಸಿವೆಯಷ್ಟು ಗ್ರೀಸು ಹಚ್ಚಿದ, ಮುಖಕ್ಕೆ ಬೆರಳು ಸೋಕಗೊಡಲಿಲ್ಲ. ಎಷ್ಟು ಚೆಂದ ಮಾಡುತ್ತಾನೆ ಎಂದು ಅಮರಗುಂಡಪ್ಪನಿಗೆ ಅನಿಸಿತು. ಅನಿಸಿದ್ದಕ್ಕೇ ಮತ್ತೆ ಹೊಟ್ಟೆಕಿಚ್ಚಾಯಿತು.

ಎಡಗಡೆ ಮುಗಿಸಿ ಬಾಲಪ್ಪ ಬಲಗಡೆಗೆ ಬರುವಷ್ಟರಲ್ಲಿ ಅಲ್ಲಿ ಅಮರಗುಂಡಪ್ಪ ಕುಕ್ಕರಗಾಲಲ್ಲಿ ಕೂತು ನಟ್ಟು ಸಡಿಲಿಸುತ್ತಿದ್ದ. ಬಾಲಪ್ಪ ಒಂದು ಗಳಿಗೆ ನಿಂತು ನೋಡಿ, ಎರಡು ತಗಡು, ಬ್ರಷ್ಷು, ಗ್ರೀಸಿನ ಡಬ್ಬಿ ಅವನ ಪಕ್ಕದಲ್ಲಿಟ್ಟು, ಚಹಾ ಕುಡಿಯಲು ಮಂಚದ ಹತ್ತಿರ ಹೋದ. ಅಮರಗುಂಡಪ್ಪ ಮೊದಲ ದಿನದ ಶಾಗಿರ್ದನ ಹಾಗೆ ಒಂದೊಂದೇ ನೆನಪಿಸಿಕೊಂಡು ಮಾಡಿದ. ಬೆವರು ಗದ್ದದಿಂದ ತೊಟ್ಟಿಕ್ಕಿತು. ಅದು ಪ್ಯಾಡಿನ ಮೇಲೆ ಬೀಳದಂತೆ ತಲೆ ಓರೆ ಮಾಡಿಕೊಂಡ.

ಇಸ್ಮಾಯಿಲ್‌ಸಾಬ್ ವ್ಯಾನನ್ನು ಓಣಿಯ ತುದಿಯವರೆಗೆ ಓಡಿಸಿ, ಬ್ರೇಕು ತುಳಿದು, ತಿರುಗಿ ಬಂದ. ಕಿರುಚಲಿಲ್ಲ ಎಂದು ಖುಷಿಯಿಂದ ಹೇಳಿದ. ಹಾಜಿಸಾಬರೂ ತಲೆಯಾಡಿಸಿದರು. ಅಮರಗುಂಡಪ್ಪ ಮಾತ್ರ ಇನ್ನೊಂದು ಸಲ ಹೋಗಿ ಬಾ ಎಂದ. ಎರಡನೇ ಸಲ ಅವನು ಕಣ್ಣು ಮುಚ್ಚಿ ನಿಂತ. ಗಾಡಿ ಪೂರ್ತಿ ನಿಲ್ಲುವ ಕೊನೆಯ ಮೊಳದಲ್ಲಿ ಒಂದು ಸಣ್ಣ ಚಿಂಯ್ ಇತ್ತು. ಬಲಗಡೆ. ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ. ಕಣ್ಣು ತೆರೆದಾಗ ಬಾಲಪ್ಪ ಚಹಾದ ಬಸಿ ತುಟಿಗೆ ಹಚ್ಚಿಕೊಂಡು ನೆಲ ನೋಡುತ್ತಿದ್ದ. ಅವನಿಗೂ ಕೇಳಿಸಿತ್ತು. ಅವನು ಈ ಸಲವೂ ಹೇಳುವವನಲ್ಲ.

ಅಮರಗುಂಡಪ್ಪ ಜಾಕು ಎಳೆದುಕೊಂಡು ಮತ್ತೆ ಬಲಗಡೆಯ ಗಾಲಿಯ ಮುಂದೆ ಕೂತ. ನಾಲ್ಕೂ ನಟ್ಟು ಬಿಚ್ಚಿ, ಗಾಲಿ ಕಳಚಿ ಪಕ್ಕಕ್ಕೆ ಉರುಳಿಸಿದ. ಒಳಗೆ ನೋಡಿದ. ಎಲ್ಲವೂ ಎಡಗಡೆಯಂತೆಯೇ ಕಾಣುತ್ತಿತ್ತು. ತಲೆ ಎತ್ತದೆ, ಮಂಚದ ಕಡೆಗೆ ಕೇಳುವಂತೆ ಹೇಳಿದ.

"ಬಾಲಪ್ಪ, ಇಲ್ಲಿ ಬಾ. ಎಲ್ಲಿ ತಪ್ಪೀನಿ, ತೋರಸು."